ಡಿಫ್ರೆನ್ಸ್ ಆಯಿಲ್

ಊಂ... ಊಂ... ಊಂ. ಸೊಳ್ಳೆಯ ಬಾಯಿಗೆ ಮೈಕ್ ಹಿಡಿದಂತೆ.

ನಮ್ಮ ಜೀಪು ನ್ಯಾಲ್ಕಲ್ ರಸ್ತೆಯ ತಿರುವಿನಲ್ಲಿರುವಾಗಲೇ ಆ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ನಾನು ಚಹಾಕ್ಕೆ ನೀರಿಡುತ್ತಿದ್ದೆ. ನಮ್ಮವರು ಚಪ್ಪಲಿ ಬಿಡುವಷ್ಟರಲ್ಲಿ ಅದು ಕುದಿಯುತ್ತಿತ್ತು. ಮೊಬೈಲಿಗಿಂತ ರಿಲಯಬಲ್!

ಅವರು ತೀರಿಕೊಂಡ ಮೇಲೆ ಜೀಪು ಓಡಿಸುವವಳು ನಾನೇ. ಸದ್ದು ನನ್ನ ಬೆನ್ನ ಹಿಂದೆಯೇ ಬರುತ್ತದೆ. (ಬರುತ್ತಿತ್ತು ಎನ್ನಬೇಕು.)

ಹೋದ ವಾರ ಪಂಕ್ಚರ್ ಹಾಕಿಸಲು ಜಹೀರಾಬಾದಿಗೆ ಒಯ್ದಿದ್ದೆ. ಮೆಕ್ಯಾನಿಕ್ ಮಕ್ಬೂಲ್ ಗಾಡಿಯ ಕೆಳಗೆ ನುಸುಳಿ ಕೂಗಿದ: "ಅಮ್ಮೋರೇ, ಡಿಫ್ರೆನ್ಸ್ ಆಯಿಲ್ ಪೂರಾ ಸತ್ತದರಿ!"

ಕಾನ್ವೆಂಟಿನ ಸಿಸ್ಟರ್‌ಗಳು ತಿದ್ದಿದ ನಾಲಿಗೆ. ಸುಮ್ಮನಿದ್ದೀತೆ? "ಡಿಫರೆನ್ಷಿಯಲ್," ಎಂದೆ.

"ಅದೇರಿ, ಡಿಫ್ರೆನ್ಸ್. ಹಿಂದಿನ ಎರಡು ಗಾಲಿ ನಡುವ ಗುಂಡನ ಡಬ್ಬಿ ಅದಲ್ಲ, ಅದು. ತಿರುವಿನ್ಯಾಗ ಒಂದು ಗಾಲಿ ಜೋರ್ ಓಡ್ತದ, ಒಂದು ಹಗೂರ. ಎರಡಕ್ಕೂ ಹೊಂದಸಾದು ಅದೇ."

ಗಂಡ ಹೆಂಡತಿ ಸಂಸಾರದ ಎರಡು ಗಾಲಿ ಎಂದು ಪ್ರತಿ ಮದುವೆಯಲ್ಲೂ ಕೇಳುತ್ತೇವೆ. ನಡುವೆ ಒಂದು ಡಬ್ಬಿಯಿದೆ, ಅದರ ಆಯಿಲ್ ಬದಲಿಸಬೇಕು ಎಂದು ಯಾವ ಹಿರಿಯರಾದರೂ ಹೇಳಿದ್ದುಂಟೆ? ನಮ್ಮವರು ಎಂಜಿನ್ ಆಯಿಲ್ ವಾರವಾರ ನೋಡುತ್ತಿದ್ದರು. ಹಿಂದಿನದು? ಅದಕ್ಕೆ ಬಗ್ಗಬೇಕಲ್ಲ!

"ಬದಲ್ ಮಾಡಿದ್ರ ಆ ಸದ್ದು ಹೋಗ್ತದೇನು?"

"ಹೋಗ್ತದರಿ. ಅದಕ್ಕೇ ಅಲ್ಲೇನು ಮಾಡಾದು?"

"ಸದ್ದು ಇರಲಿ. ಆಯಿಲ್ ಅಷ್ಟೇ ಹಾಕು."

ಮಕ್ಬೂಲ್ ತಲೆ ಹೊರಗೆ ಹಾಕಿ ನನ್ನನ್ನೇ ನೋಡಿದ. "ಹಂಗ ಹೆಂಗ ಆಗ್ತದರಿ? ಹಿಂಗೇ ಓಡಿಸಿದ್ರ ಒಳಗಿನ ಗೇರಿನ ಹಲ್ಲು ಸವದು ಗಾಡಿ ಗುಜರಿಗೆ ಹೋಗ್ತದ. ಸದ್ದು ಬೇಕೋ, ಗಾಡಿ ಬೇಕೋ?"

(ಹಲ್ಲಿನ ಮಾತು ನನ್ನ ವಯಸ್ಸಿನವರ ಮುಂದೆ ಆಡಬಾರದು.)

ಪ್ರಾಕ್ಟಿಕಲ್ ಹೆಂಗಸು ನಾನು. ಗಾಡಿ ಎಂದೆ.

ಮೇಲಿನ ಬೋಲ್ಟ್ ಮೊದಲು ಸಡಿಲಿಸಿ, ಕೆಳಗಿನದನ್ನು ಬಿಚ್ಚಿದ. ಕಾಕಂಬಿಯಂಥ ಕಪ್ಪು ಸುರಿಯಿತು. ಹೊಸದನ್ನು ಮೇಲಿನ ತೂತಿನಿಂದ ತುಳುಕುವವರೆಗೆ ತುಂಬಿದ. ಮನೆಯವರೆಗೆ ಜೀಪು ಉಸಿರೆತ್ತಲಿಲ್ಲ. ಕಂಗ್ರಾಜುಲೇಷನ್ಸ್ ನನಗೆ!

ನಮ್ಮವರನ್ನು ಕೊನೆಯ ಸಲ ನೋಡಿದ್ದು ಅಡುಗೆಮನೆಯ ಕಿಟಕಿಯಿಂದ. ತಾಂಡೂರಿನ ತೊಗರಿ ಮಾರ್ಕೆಟ್ಟಿಗೆ ಹೊರಟಿದ್ದರು. "ಮೊದಲು ಆ ಸದ್ದು ರಿಪೇರಿ ಮಾಡಸ್ರಿ, ತಲಿ ಚಿಟ್ಟ ಹಿಡಿದದ!" ಎಂದು ಕೂಗಿದೆ.

"ಸದ್ದಿಲ್ದ ಬಂದ್ರ ನಿನಗ ಚಹಾ ಇಡಾಕ ಹೆಂಗ ತಿಳೀತದ?" ಎಂದು ನಕ್ಕು ಹೋದರು.

ಸಂಜೆ ಸದ್ದು ಬಂತು. ಚಹಾಕ್ಕೆ ನೀರಿಟ್ಟೆ. ಜೀಪಿನಿಂದ ಇಳಿದವರು ಮಾರ್ಕೆಟ್ಟಿನ ಅಡತಿ ಅಂಗಡಿಯವರು, ಒಬ್ಬರೇ.