ಎಡಗೈ ಬಳೆಗೆ, ಬಲಗೈ ಹಿಡಿಗೆ

ಹಿತ್ತಾಳೆಯ ವಾಸನೆ ಅಂಗೈಗೆ ಒಮ್ಮೆ ಹತ್ತಿದರೆ ಬೇಗ ಹೋಗುವುದಿಲ್ಲ. ಮೊನ್ನೆ ಹಂಪನಕಟ್ಟೆಯ ಅಂಗಡಿಯಿಂದ ಕಿಟಕಿಗೆ ಹೊಸ ಹಿಡಿಯೊಂದನ್ನು ತಂದೆ. ಯುದ್ಧದ ವರ್ಷಗಳಲ್ಲಿ ಹಿತ್ತಾಳೆಯ ಸಾಮಾನು ಕಣ್ಣಿಗೆ ಬೀಳುತ್ತಿರಲಿಲ್ಲ. ಈಗ ಮತ್ತೆ ಬರತೊಡಗಿದೆ. ಚೀಲ ಒಯ್ದಿರಲಿಲ್ಲವಾದ್ದರಿಂದ ದಾರಿಯುದ್ದಕ್ಕೂ ಮುಷ್ಟಿಯಲ್ಲೇ ಹಿಡಿದುಕೊಂಡು ಬಂದೆ. ಮನೆಗೆ ಬಂದು ಕೈಯನ್ನು ಎರಡು ಸಲ ತೊಳೆದೆ. ಆದರೂ ಊಟಕ್ಕೆ ಕೂತಾಗ ಮೊದಲ ತುತ್ತಿನೊಂದಿಗೆ ಆ ವಾಸನೆ ಮೂಗಿನ ಹತ್ತಿರ ಬಂತು. ತುತ್ತನ್ನು ಎಲೆಯ ಮೇಲೆ ಇಟ್ಟೆ.

"ಎಂತ, ಸಾರಿಗೆ ಉಪ್ಪು ಹೆಚ್ಚಾಯ್ತಾ?" ಎಂದು ಹೆಂಡತಿ ಕೇಳಿದಳು.

ಇಲ್ಲ ಎಂದೆ. ಉಪ್ಪು ಸರಿಯಾಗಿಯೇ ಇತ್ತು.

ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೀತು: ಮನೆಯವರಿಗೆ ಮಾತ್ರ ತೆರೆಯಲು ಬರುವ ಪೆಟ್ಟಿಗೆಯೋ, ಒದ್ದರೆ ಮಾತ್ರ ಹಾಕಿಕೊಳ್ಳುವ ಬಾಗಿಲೋ. ಅದು ಕೆಟ್ಟಿದೆ ಎಂದು ಮನೆಯವರಿಗೆ ಅನ್ನಿಸುವುದೇ ಇಲ್ಲ. ಅದಕ್ಕೊಂದು ಉಪಾಯ ಕೈಗೆ ಹತ್ತಿರುತ್ತದೆ, ಆ ಉಪಾಯವನ್ನೇ ನಾವು ರಿಪೇರಿ ಎಂದುಕೊಳ್ಳುತ್ತೇವೆ. ನೆಂಟರು ಬಂದಾಗ ಮಾತ್ರ ನಾಚಿಕೆಯಾಗುತ್ತದೆ. ನೆಂಟರು ಹೋದ ಮೇಲೆ ನಾಚಿಕೆಯೂ ಹೋಗುತ್ತದೆ.

ಕುದ್ರೋಳಿಯ ನಮ್ಮ ಹಳೆಯ ಮನೆಯಲ್ಲಿ ಅಂಥದು ಮಹಡಿಯ ಪಡುಗಡೆಯ ಕಿಟಕಿ. ಅದು ಅಜ್ಜಿಯ ಮನೆ. ಮನೆ ತಾಯಿಯಿಂದ ಮಗಳಿಗೆ ಬರುವ ನಮ್ಮ ಕಡೆಯ ಪದ್ಧತಿಯಂತೆ ಅಮ್ಮನ ಮನೆಯೂ ಅದೇ, ನಮ್ಮ ಮನೆಯೂ ಅದೇ. ಯಜಮಾನರು ಅಮ್ಮನ ಅಣ್ಣ, ನಮ್ಮ ಮಾವ. ಬಂದರಿಗೆ ಹತ್ತಿರವಾದ್ದರಿಂದ ಒಂದು ಕಾಲದಲ್ಲಿ ಮಹಡಿಯಲ್ಲಿ ಕೊಬ್ಬರಿಯ ಗೋಣಿಗಳನ್ನು ಇಡುತ್ತಿದ್ದರಂತೆ. ಹಗ್ಗ ಕಟ್ಟಿ ಅಂಗಳದಿಂದ ಗೋಣಿಯನ್ನು ಮೇಲಕ್ಕೆಳೆದು ಈ ಕಿಟಕಿಯಿಂದಲೇ ಒಳಗೆ ಹಾಕುತ್ತಿದ್ದರು. ಆದ್ದರಿಂದ ಅದಕ್ಕೆ ಸರಳುಗಳಿರಲಿಲ್ಲ. ಕಿಟಕಿಯ ಹೊಸ್ತಿಲು ನೆಲದಿಂದ ಮೊಣಕಾಲಿನ ಎತ್ತರಕ್ಕಿತ್ತು. ಬಾಗಿಲು ಒಂದೇ, ಹೊರಗೆ ತೆರೆಯುವಂಥದು. ಪೂರ್ತಿ ತೆರೆದರೆ ಅದರ ಹಿಡಿ ಅಂಗಳದ ಮೇಲೆ ಗಾಳಿಯಲ್ಲಿ ಇರುತ್ತಿತ್ತು. ಹಾಕಬೇಕಾದರೆ ಹೊರಗೆ ಬಾಗಿ ಅದನ್ನು ಹಿಡಿದು ಎಳೆಯಬೇಕು. ನನ್ನ ಕಾಲಕ್ಕೆ ಗೋಣಿಗಳು ಹೋಗಿ ಅಲ್ಲಿ ಚಾಪೆ ದಿಂಬುಗಳು ಬಂದಿದ್ದವು. ಗೋಣಿಯ ವ್ಯವಹಾರದಿಂದ ಉಳಿದದ್ದು ಕಿಟಕಿಯ ಎಡಬದಿಯ ಗೋಡೆಯಲ್ಲಿ ನೆಟ್ಟ ಒಂದು ದಪ್ಪ ಕಬ್ಬಿಣದ ಬಳೆ.

ಅಜ್ಜಿ ನಮಗೆ ಕಲಿಸಿದ ಮೊದಲ ವಿದ್ಯೆ ಆ ಬಳೆಯದು. "ಎಡಗೈ ಬಳೆಗೆ, ಬಲಗೈ ಹಿಡಿಗೆ" ಎಂದು ಕೆಳಗಿನಿಂದಲೇ ಕೂಗುತ್ತಿದ್ದಳು. ಹಿಂದೆ ಗೋಣಿ ಎಳೆದುಕೊಳ್ಳುತ್ತಿದ್ದ ಆಳುಗಳು ಹಾಗೆ ಮಾಡುತ್ತಿದ್ದುದನ್ನು ನೋಡಿ ಕಲಿತದ್ದಂತೆ. ನಾನು ಹೈಸ್ಕೂಲು ಮುಗಿಸಿದವನು. ಕಿಟಕಿ ಹಾಕಲು ಎರಡು ಕೈ ಬೇಕೆಂಬುದು ನನಗೆ ನಗೆಯ ಮಾತಾಗಿತ್ತು. ಅಜ್ಜಿ ಕೂಗಿದಾಗಲೆಲ್ಲ "ಹಿಡಿದೆ, ಹಿಡಿದೆ" ಎನ್ನುತ್ತ ಒಂದೇ ಕೈಯಲ್ಲಿ ಹಾಕುತ್ತಿದ್ದೆ. ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕ ಗಿರಿಜ ಮಾತ್ರ ಯಾರೂ ನೋಡದಿದ್ದರೂ ಬಳೆ ಹಿಡಿಯುತ್ತಿದ್ದಳು.

ಆ ಬಾಗಿಲಿನ ಹಿಡಿ ಸವೆದು ಸಡಿಲವಾಗಿ ಎಷ್ಟೋ ವರ್ಷಗಳಾಗಿದ್ದವು. ಎರಡು ತಿರುಪುಗಳಲ್ಲಿ ಒಂದು ಬಿದ್ದುಹೋಗಿತ್ತು. ಆ ತೂತಿನಲ್ಲಿ ತೆಂಗಿನ ನಾರು ಸುತ್ತಿದ ಮೊಳೆ ಇತ್ತು. ಹಿಡಿಯನ್ನು ಸ್ವಲ್ಪ ಮೇಲಕ್ಕೆತ್ತಿ ಆಮೇಲೆ ಎಳೆದರೆ ಬಾಗಿಲು ಬರುತ್ತಿತ್ತು. ಅಮ್ಮ ಆಗಾಗ ಹೊಸದು ಹಾಕಿಸಲು ಹೇಳುತ್ತಿದ್ದಳು. ಮಾವನ ಉತ್ತರ ಯಾವಾಗಲೂ ಒಂದೇ: "ಇನ್ನೊಂದು ಮಳೆಗಾಲಕ್ಕೆ ಅಡ್ಡಿ ಇಲ್ಲ." ಕೊಡೆಗೂ ಅದೇ ಮಾತು, ಚಪ್ಪಲಿಗೂ ಅದೇ ಮಾತು. ಆದ್ದರಿಂದ ಮುಂದೆ ಆದದ್ದನ್ನೆಲ್ಲ ಮನೆಯವರು ಈ ಮಾತಿನ ಲೆಕ್ಕಕ್ಕೇ ಹಾಕಿದರು. ನಡೆದದ್ದು ಹಾಗಲ್ಲ. ಅದನ್ನು ಹೇಳಲೆಂದೇ ಇಷ್ಟು ಬರೆಯುತ್ತಿದ್ದೇನೆ.

ಅದು ನಡೆದ ವರ್ಷ, ಬೇಸಗೆಯ ಒಂದು ಬೆಳಿಗ್ಗೆ ಮಾವ ನನ್ನನ್ನು ಜಗಲಿಗೆ ಕರೆದು, ಕೈಗೆ ದುಡ್ಡು ಕೊಟ್ಟು, "ಆ ಕಿಟಕಿಗೆ ಒಂದು ಒಳ್ಳೆ ಹಿಡಿ ತಾ. ತಂದು ಆಚಾರಿಗೆ ಹೇಳಿ ಹಾಕಿಸು. ನಿನ್ನಮ್ಮನಿಗೆ ಈಗಲೇ ಹೇಳ್ಬೇಡ, ನೋಡಿ ಖುಷಿಪಡ್ಲಿ" ಎಂದರು. ನಾನು ಅಂದೇ ತಂದೆ. ಆಚಾರಿ ಯಾಕೆ, ಎರಡು ತಿರುಪು ಹಾಕುವುದಲ್ಲವೇ, ಆದಿತ್ಯವಾರ ನಾನೇ ಹಾಕುತ್ತೇನೆ ಎಂದುಕೊಂಡೆ. ಆಗ ನಾನು ಒಂದು ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ. ಮೇಜಿನ ಪಕ್ಕದಲ್ಲೇ ಕಿಟಕಿ, ಅದರಾಚೆ ನದಿ. ಮಧ್ಯಾಹ್ನದ ಗಾಳಿಗೆ ಕಾಗದಗಳು ಹಾರುತ್ತಿದ್ದವು. ಹಿಡಿಯನ್ನು ಚೀಲದಿಂದ ತೆಗೆದು ಕಾಗದಗಳ ಮೇಲೆ ಇಟ್ಟೆ. ಭಾರವಾಗಿ, ಹೊಳೆಯುತ್ತ, ಅದು ಅಲ್ಲಿ ಬಹಳ ಚೆನ್ನಾಗಿ ಕಾಣುತ್ತಿತ್ತು. ಆದಿತ್ಯವಾರ ಬಂತು, ಹೋಯಿತು. ಇನ್ನೊಂದು ಆದಿತ್ಯವಾರವೂ ಹೋಯಿತು. ಮಾವ ಒಮ್ಮೆ "ಆಯ್ತಾ?" ಎಂದು ಕೇಳಿದರು. "ತಿರುಪು ಸಿಗ್ಲಿಲ್ಲ ಮಾವ" ಎಂದೆ. ಅದು ಸುಳ್ಳು. ತಿರುಪುಗಳು ಮೇಜಿನ ಖಾನೆಯಲ್ಲಿದ್ದವು.

ಇನ್ನು ಆ ಮಧ್ಯಾಹ್ನ. ಕಂಡದ್ದನ್ನು ಮಾತ್ರ ಬರೆಯುತ್ತೇನೆ.

ಕಾರ್ಖಾನೆಗೆ ರಜೆಯಿತ್ತು. ಮದುವೆಯಾಗಿ ಕೂಳೂರು ಹೊಳೆಯಾಚೆ ಇದ್ದ ಅಕ್ಕ ನಾಲ್ಕು ದಿನಕ್ಕೆಂದು ಬಂದಿದ್ದಳು. ಅಂಗಳದ ಚಾಪೆಗಳ ಮೇಲೆ ಹಲಸಿನ ಹಪ್ಪಳ ಒಣಹಾಕಿದ್ದರು. ಪಡುವಣದಲ್ಲಿ ಮೋಡ ಕಪ್ಪಾಗಿ, ಕಡಲ ಕಡೆಯಿಂದ ಒಮ್ಮೆಲೇ ಗಾಳಿ ಎದ್ದಿತು. ಅಮ್ಮ ಅಡಿಗೆಮನೆಯಿಂದ, "ಹಪ್ಪಳ! ಹಪ್ಪಳ!" ಎಂದಳು. ನಾನು ಅಂಗಳಕ್ಕೆ ಓಡಿದೆ. ಅಕ್ಕ ಕಿಟಕಿ ಹಾಕಲು ಮಹಡಿಗೆ ಓಡಿದಳು. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿಸಿತು. ನಾನು ಒಂದು ಚಾಪೆಯ ತುದಿ ಎತ್ತಿ ತಲೆ ಮೇಲೆತ್ತಿದಾಗ ಅವಳ ಬಲಗೈ ಹಿಡಿಯ ಮೇಲಿತ್ತು. ಮೈ ಸೊಂಟದವರೆಗೆ ಹೊರಗಿತ್ತು. ಆಗ ಗಾಳಿ ಬಾಗಿಲನ್ನು ಹೊರಕ್ಕೆ ತಳ್ಳಿತು. ಅವಳು ಬಿಡದೆ ಹಿಡಿದಳು. ಬಾಗಿಲು ಅವಳನ್ನೂ ಎಳೆದುಕೊಂಡು ಹೋಯಿತು. ಅವಳ ಭಾರವೆಲ್ಲ ಹಿಡಿಯ ಮೇಲೆ ಬಿತ್ತು. ಹಿಡಿ ಕಿತ್ತು ಬಂತು.

ಹಿಡಿ ನನ್ನಿಂದ ಎರಡು ಮೊಳ ದೂರದಲ್ಲಿ ಚಾಪೆಯ ಮೇಲೆ ಬಿತ್ತು. ಶಬ್ದವಾಗಲಿಲ್ಲ, ಹಪ್ಪಳಗಳು ಇನ್ನೂ ಹಸಿಯಿದ್ದವು. ನಾನು ಮೊದಲು ನೋಡಿದ್ದು ಅದನ್ನು. ಮೇಲೆ ನೋಡಲು ನನಗೆ ಧೈರ್ಯ ಬರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತೆನೋ ಹೇಳಲಾರೆ; ಒಂದು ಉಸಿರಿಗಿಂತ ಹೆಚ್ಚಿರಲಾರದು. ಇಷ್ಟು ವರ್ಷಗಳಲ್ಲಿ ನಾನು ಮತ್ತೆ ಮತ್ತೆ ಹೋಗಿ ನಿಂತದ್ದು ಆ ಒಂದು ಉಸಿರಿನಲ್ಲೇ.

ನೋಡಿದಾಗ ಅಕ್ಕ ಕಿಟಕಿಯ ಹೊಸ್ತಿಲ ಮೇಲೆ ಮಡಿಸಿದ ಬಟ್ಟೆಯ ಹಾಗೆ ತೂಗುತ್ತಿದ್ದಳು. ತಲೆ ಕೆಳಗೆ, ಬಲಗೈ ಕೆಳಗೆ, ಬಿಚ್ಚಿದ ಜಡೆ ಕೆಳಗೆ. ಎಡಗೈ ಕಾಣಿಸುತ್ತಿರಲಿಲ್ಲ. ಅದು ಒಳಗಿತ್ತು, ಬಳೆಯಲ್ಲಿ. ಯಾರೂ ಅವಳನ್ನು ಎಳೆಯಲಿಲ್ಲ. ಎಳೆಯಲು ಮೇಲೆ ಯಾರೂ ಇರಲಿಲ್ಲ. ಅವಳೇ ಸ್ವಲ್ಪ ಸ್ವಲ್ಪವಾಗಿ ಒಳಗೆ ಹೋದಳು: ಮೊದಲು ಭುಜ, ಆಮೇಲೆ ತಲೆ. ಕಿಟಕಿ ಖಾಲಿಯಾಯಿತು. ಮತ್ತೆ ಅವಳ ಮುಖ ಕಾಣಿಸಿತು. ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ಹಪ್ಪಳದ ಮೇಲೆ ನಿಂತಿದ್ದಿ ಮಾರಾಯ!" ಎಂದಳು.

ನಿಂತಿದ್ದೆ, ನಿಜ. ಒಂಬತ್ತು ಹಪ್ಪಳ ನನ್ನ ಕಾಲಡಿಯಲ್ಲಿ ಹಾಳಾಗಿದ್ದವು. ಆಮೇಲೆ ಎಣಿಸಿದೆ. ಅಂಥ ಹೊತ್ತಿನಲ್ಲಿ ಮನುಷ್ಯ ಏನಾದರೂ ಎಣಿಸಬೇಕಾಗುತ್ತದೆ.

ಸಂಜೆ ಮಾವ ಬಂದರು. ಜಗಲಿ ಹತ್ತುವ ಮೊದಲೇ ಅಮ್ಮ ಶುರುಮಾಡಿದಳು. "ಇನ್ನೊಂದು ಮಳೆಗಾಲ! ನಿಮ್ಮ ಇನ್ನೊಂದು ಮಳೆಗಾಲ ನನ್ನ ಮಗಳನ್ನು ನುಂಗ್ತಿತ್ತಲ್ಲ ಅಣ್ಣ!" ಅಜ್ಜಿಯೂ ಸೇರಿಕೊಂಡಳು: "ಒಂದು ಹಿಡಿ ಹಾಕಿಸ್ಲಿಕ್ಕೆ ಆಗದವನಿಗೆ ಯಜಮಾನಿಕೆ ಯಾಕೆ?" ಬಳೆ ಕೊರೆದ ಎಡಗೈಗೆ ಬಟ್ಟೆ ಕಟ್ಟಿಕೊಂಡಿದ್ದ ಅಕ್ಕನೂ, "ಮಾವ, ನಿಮ್ಮ ಚಪ್ಪಲಿ ಹರಿದ್ರೆ ನೀವು ಬೀಳ್ತೀರಿ. ಇಲ್ಲಿ ಬೀಳ್ಲಿಕ್ಕಿದ್ದದ್ದು ನಾನು" ಎಂದಳು. ಮಾವ ಕಾಲು ತೊಳೆದರು. ಒಮ್ಮೆ ನನ್ನ ಕಡೆ ನೋಡಿದರು. ಕಂಬಕ್ಕೆ ಒರಗಿ ನಿಂತಿದ್ದ ನಾನು ಕಣ್ಣು ತಪ್ಪಿಸಿದೆ. ಒಂದು ಮಾತು ಹೇಳಿದ್ದರೆ ಅವರ ಮೇಲಿನ ಭಾರವೆಲ್ಲ ನನ್ನ ಮೇಲೆ ಬರುತ್ತಿತ್ತು. ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. "ತಪ್ಪಾಯ್ತು. ನಾಳೆ ಹಾಕಿಸ್ತೇನೆ" ಎಂದು ಅವರು ಊಟಕ್ಕೆ ಕೂತರು.

ಮರುದಿನ ನಸುಕಿಗೇ ನಾನು ಆಫೀಸಿಗೆ ಹೋಗಿ ಹಿಡಿಯನ್ನೂ ತಿರುಪುಗಳನ್ನೂ ತಂದು, ಬಾವಿಕಟ್ಟೆಯ ಹತ್ತಿರ ಹಲ್ಲುಜ್ಜುತ್ತಿದ್ದ ಮಾವನ ಮುಂದೆ ನಿಂತೆ. ಎಲ್ಲವನ್ನೂ ಹೇಳಿದೆ. ಕಾಗದದ ಮೇಲೆ ಇಟ್ಟದ್ದನ್ನೂ ಹೇಳಿದೆ. ಹೇಳುತ್ತ ಅತ್ತೆನೆಂದು ಕಾಣುತ್ತದೆ. ಅವರು ಬಾಯಿ ಮುಕ್ಕಳಿಸಿ, ಹಿಡಿಯನ್ನು ಕೈಯಲ್ಲಿ ತೂಗಿ ನೋಡಿದರು.

"ಕಾಗದ ಹಾರಿತಾ?"

"ಇಲ್ಲ ಮಾವ."

"ಹಾಗಾದ್ರೆ ಒಳ್ಳೆ ಹಿಡಿಯೇ ತಂದಿದ್ದಿ."

"ನಾನು ಎಲ್ಲರಿಗೂ ಹೇಳ್ತೇನೆ" ಎಂದೆ.

"ಎಂತಕ್ಕೆ? ನನಗೆ ಬೈಗುಳ ತಿಂದು ಅಭ್ಯಾಸ ಉಂಟು, ನಿನಗೆ ಇಲ್ಲ. ನಿನ್ನೆಯ ಬೈಗುಳ ತಿಂದು ಆಗಿದೆ. ಮತ್ತೊಂದು ಸಲ ಬಡಿಸುವುದು ಬೇಡ. ಹೋಗಿ ಆಚಾರಿಯನ್ನು ಕರ್ಕೊಂಡು ಬಾ. ನೀನು ಹಾಕ್ಬೇಡ."

ಆಚಾರಿ ಬಂದು ತಿರುಪುಗಳನ್ನು ನೋಡಿ ಹಿಂದಕ್ಕೆ ಕೊಟ್ಟ. ಉಳಿಯ ತುದಿಯಿಂದ ಬಾಗಿಲಿನ ಹಳೆಯ ತೂತನ್ನು ಕೆದಕಿದಾಗ ಒಳಗಿನಿಂದ ಮರ ಹಿಟ್ಟಿನ ಹಾಗೆ ಉದುರಿತು. "ಇದಕ್ಕೆ ತಿರುಪು ಹಾಕಿದ್ರೆ ಮೊದಲ ಗಾಳಿಗೇ ಕಿತ್ತು ಬರ್ತದೆ. ಹೊಸ ಹಿಡಿ ಅಂತ ಎಲ್ಲರೂ ನಂಬಿ ಎಳೀತಾರೆ, ಅದು ಇನ್ನೂ ಕೇಡು" ಎಂದ. ಹಾಳಾದಷ್ಟನ್ನು ಕೆತ್ತಿ ತೆಗೆದು, ಹಲಸಿನ ಹಲಗೆಯ ತುಂಡು ಕೂಡಿಸಿ, ಬಾಗಿಲಿನ ಆಚೆಯಿಂದ ಈಚೆಗೆ ಬೋಲ್ಟು ಹಾಯಿಸಿ ನಟ್ಟು ಬಿಗಿದ. ನಾನು ಮೊದಲ ಆದಿತ್ಯವಾರವೇ ಹೊಸ ಹಿಡಿ ಹಾಕಿದ್ದರೂ ಅದು ಉಳಿಯುತ್ತಿರಲಿಲ್ಲ ಎಂದಾಯಿತು. ಈ ಮಾತನ್ನು ನೆನೆದು ಸಮಾಧಾನಪಟ್ಟುಕೊಳ್ಳಲು ನಾನು ಹಲವು ಸಲ ಪ್ರಯತ್ನಿಸಿದ್ದೇನೆ. ಸಮಾಧಾನವಾಗುವುದಿಲ್ಲ. ಆಚಾರಿಯನ್ನು ಕರೆಯಲು ಮಾವ ಹೇಳಿದ್ದರು. ಕರೆಯದೆ ಇದ್ದವನು ನಾನು.

ಹಿಡಿಯನ್ನು ಮೊದಲು ಎಳೆದು ನೋಡಿದವಳು ಅಕ್ಕ. "ಈಗ ಬುದ್ಧಿ ಬಂತು ಮಾವನಿಗೆ" ಎಂದಳು. ಮಾವ ಜಗಲಿಯಿಂದ "ಹೌದು ಮಗಳೇ" ಎಂದರು. ಅಜ್ಜಿ ಕೆಳಗಿನಿಂದ, "ಎಡಗೈ?" ಎಂದು ಕೂಗಿದಳು.

ಆಮೇಲೆ ನಮ್ಮ ಮನೆಯಲ್ಲಿ ಇದು ನಗೆಯ ಕಥೆಯಾಯಿತು. ಮದುವೆ, ತೊಟ್ಟಿಲು, ಯಾವುದಕ್ಕೆ ಸೇರಿದರೂ ಅಕ್ಕ ಹೇಳುತ್ತಿದ್ದಳು: "ಮಾವನ ಜಿಪುಣತನಕ್ಕೆ ನಾನು ಸತ್ತೇ ಹೋಗ್ತಿದ್ದೆ." ಎಲ್ಲರೂ ನಗುತ್ತಿದ್ದರು. ಮಾವ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದರು. ನಾನು ಎದ್ದು ನೀರು ಕುಡಿಯಲು ಹೋಗುತ್ತಿದ್ದೆ. ಮಾವ ತೀರಿಕೊಂಡು ಈಗ ಎಷ್ಟೋ ವರ್ಷಗಳಾದವು. ಕಥೆ ಮಾತ್ರ ಹಾಗೆಯೇ ಇದೆ.

ಮೊನ್ನೆ ಹಿಡಿ ತಂದ ಮರುದಿನವೇ ಆಚಾರಿಯನ್ನು ಕರೆಸಿದೆ. ಈ ಮನೆಗೆ ಮಹಡಿಯಿಲ್ಲ, ಕಿಟಕಿಗೆ ಸರಳುಗಳಿವೆ, ಇಲ್ಲಿಂದ ಬೀಳಬೇಕೆಂದರೂ ಯಾರಿಗೂ ಆಗದು. ಆದರೂ ಬೋಲ್ಟೇ ಹಾಕಿಸಿದೆ. "ಇದಕ್ಕೆ ಇಷ್ಟೆಲ್ಲ ಬೇಡ ಧಣಿ" ಎಂದು ಅವನು ನಕ್ಕ.

ನಿನ್ನೆ ಅಕ್ಕ ಬಂದಳು. ಕೂದಲು ಪೂರ್ತಿ ನರೆತಿದೆ, ಮಾತು ನರೆತಿಲ್ಲ. ಚಾ ಕುಡಿಯುತ್ತ ಹೊಸ ಹಿಡಿಯನ್ನು ನೋಡಿ ನನ್ನ ಹೆಂಡತಿಗೆ, "ಮಾವ ಇದ್ದಿದ್ರೆ ಇನ್ನೊಂದು ಮಳೆಗಾಲ ಅಂತಿದ್ರು. ಅವರ ಜಿಪುಣತನಕ್ಕೆ ನಾನು..." ಎಂದು ಶುರುಮಾಡಿದಳು. ನನ್ನ ಕೈಗೆ ಮತ್ತೆ ಹಿತ್ತಾಳೆಯ ವಾಸನೆ ಬಂದ ಹಾಗಾಯಿತು. ಈ ಸಲ ನೀರು ಕುಡಿಯಲು ಏಳಲಿಲ್ಲ.

"ಅಕ್ಕ, ಮಾವ ಹಿಡಿಗೆ ದುಡ್ಡು ಕೊಟ್ಟಿದ್ರು" ಎಂದೆ. ಉಳಿದದ್ದನ್ನು ನಿಮಗೆ ಹೇಳಿದ ಹಾಗೆಯೇ, ಇದೇ ಕ್ರಮದಲ್ಲಿ, ಮೇಜು, ಕಾಗದ, ತಿರುಪಿನ ಸುಳ್ಳು ಯಾವುದನ್ನೂ ಬಿಡದೆ ಹೇಳಿದೆ.

ಅವಳು ಲೋಟವನ್ನು ಕೆಳಗಿಟ್ಟಳು. ಎಡಗೈಯ ಬೆರಳುಗಳನ್ನು ಒಮ್ಮೆ ಮಡಿಸಿ ಬಿಚ್ಚಿದಳು.

"ನನ್ನ ಜೀವ ನಿನ್ನ ಕಾಗದದ ಮೇಲೆ ಕೂತಿತ್ತಾ?"

"ಹೌದು."

"ಸಾಯುವವರೆಗೆ ಆ ಮನುಷ್ಯನಿಗೆ ಬೈದೆನಲ್ಲ ನಾನು. ಅವರು ಕೂತು ನಗ್ತಿದ್ರು. ಇನ್ನು ಆ ಬೈಗುಳವನ್ನೆಲ್ಲ ಯಾರಿಗೆ ಕೊಡುವುದು?"

ಅವಳು ಕಣ್ಣೊರೆಸಿಕೊಂಡು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಸರಿ, ಇಲ್ಲಿ ಕೂತ್ಕೋ. ಎಲ್ಲ ಮೊದಲಿನಿಂದ."

ಹೀಗೆ ಅಕ್ಕ ಬೈಯತೊಡಗಿದಳು. ಮಾವನಿಗೆ ಅಂದದ್ದನ್ನೆಲ್ಲ ಒಂದೊಂದಾಗಿ ನನಗೆ ಅಂದಳು. ಅವರಿಗೆ ಅನ್ನಲು ನಾಚಿದ್ದನ್ನೂ ಸೇರಿಸಿದಳು. ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ. ಒಂದೊಂದು ಬೈಗುಳಕ್ಕೂ ಎದೆಯಿಂದ ಒಂದೊಂದು ಗೋಣಿ ಇಳಿಯುತ್ತಿತ್ತು. ನಡುವೆ ಗಾಳಿ ಎದ್ದು ಕಿಟಕಿಯ ಬಾಗಿಲು ಬಡಿಯಿತು. ಅಕ್ಕ ಬೈಯುವುದನ್ನು ನಿಲ್ಲಿಸದೆಯೇ ಎದ್ದು ಹೋದಳು. ಹೊಸ ಹಿಡಿಗೆ ಬಲಗೈ ಹಾಕಿದಳು. ಎಡಗೈ, ಬಳೆಯೇ ಇಲ್ಲದ ಗೋಡೆಯನ್ನು ಗಟ್ಟಿಯಾಗಿ ಒತ್ತಿ ಹಿಡಿದಿತ್ತು.