ಮಧ್ಯಾಹ್ನ ಸಾಯುತ್ತಿದ್ದ ಲೈನು

ಲೈನ್‌ಮನ್ ಸಾಹೇಬರ ಬಲಗಿವಿ ಎಡಗಿವಿಗಿಂತ ಕಪ್ಪಾಗಿತ್ತು. ಮೇಲಂಚಿನ ಚರ್ಮ ಸುಟ್ಟು, ಒಣಗಿ, ಮತ್ತೆ ಸುಟ್ಟು ದಪ್ಪಗಾಗಿತ್ತು. ಬೇಸಿಗೆಯಲ್ಲಿ ಕಾದ ಕಬ್ಬಿಣದ ಟೆಲಿಫೋನ್ ಕಂಬಕ್ಕೆ ಆ ಕಿವಿಯನ್ನು ಒತ್ತಿ ತಂತಿಯ ಸದ್ದು ಕೇಳುವುದು ಅವರ ಅಭ್ಯಾಸ. ಗಾಳಿಯ ಸದ್ದು ಬಿಟ್ಟರೆ ಕಂಬದಲ್ಲಿ ಇನ್ನೇನು ಕೇಳುತ್ತದೆ ಎಂದು ಆಫೀಸಿನಲ್ಲಿ ಎಲ್ಲರೂ ನಗುತ್ತಿದ್ದರು. ನಾನೂ ನಕ್ಕವಳೇ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಹಿರಿಯೂರು ಸೀಮೆಯ ಒಂದು ಸಣ್ಣ ಎಕ್ಸ್‌ಚೇಂಜಿನಲ್ಲಿ ನಾನು ಹಂಗಾಮಿ ಆಪರೇಟರ್. ಯಾರಾದರೂ ಫೋನಿನ ಹಿಡಿ ತಿರುಗಿಸಿದರೆ ನನ್ನ ಮುಂದಿನ ಬೋರ್ಡಿನಲ್ಲಿ ಪುಟ್ಟದೊಂದು ಮುಚ್ಚಳ ಬೀಳುತ್ತಿತ್ತು. ಯಾರು ಬೇಕೆಂದು ಕೇಳಿ, ಪಿನ್ನು ಚುಚ್ಚಿ ಮಾತು ಜೋಡಿಸುವುದು ನನ್ನ ಕೆಲಸ. ಜೋಡಣೆಯಾಗದಿದ್ದರೆ ಬೈಸಿಕೊಳ್ಳುವುದೂ ನನ್ನದೇ ಕೆಲಸ. ತಂತಿ, ಕಂಬಗಳೆಲ್ಲ ಸಾಹೇಬರ ಪಾಲಿಗೆ. ಅವರದು ತಲೆತಲಾಂತರದಿಂದ ಪಾತ್ರೆಗಳಿಗೆ ಕಲಾಯಿ ಹಾಕಿಕೊಂಡು ಬಂದ ಪೇಟೆಯ ಮನೆತನ. ಬೆಸುಗೆ ತಂದೆಯಿಂದ ಬಂದ ವಿದ್ಯೆ, ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಫೋನ್ ಕೆಟ್ಟಿದೆ ಎಂದು ಯಾರೇ ಹೇಳಲಿ, ಏನನ್ನೂ ಮುಟ್ಟುವ ಮೊದಲು ಅವರು ಕೇಳುತ್ತಿದ್ದದ್ದು ಒಂದೇ ಮಾತು. "ಕೊನೀಗೆ ಯಾವಾಗ ಸರಿಯಾಗಿ ಮಾತಾಡಿದ್ರಿ? ಆಮ್ಯಾಲೆ ಏನೇನ್ ಮಾಡಿದ್ರಿ, ಹೇಳ್ರಿ." ಆದಿವಾಲದ ಅಂಗಡಿಯವರೊಬ್ಬರು ಏನೂ ಮುಟ್ಟಿಲ್ಲವೆಂದು ಆಣೆ ಮಾಡಿದರಂತೆ. ಸಾಹೇಬರು ಫೋನಿನ ಪೆಟ್ಟಿಗೆ ತೆರೆದು ನೋಡಿದರೆ ಬ್ಯಾಟರಿಯೇ ಇಲ್ಲ! ಅದು ಪಕ್ಕದ ಗೂಡಿನ ರೇಡಿಯೋಗೆ ಹೋಗಿ ಸೇರಿತ್ತು. "ರೇಡಿಯೋ ಚೆನ್ನಾಗ್ ಹಾಡ್ತೈತೆ ಬಿಡ್ರಿ" ಎಂದಷ್ಟೇ ಹೇಳಿ, ಬ್ಯಾಟರಿ ಬಿಚ್ಚಿಕೊಂಡು, ತಂತಿಯ ತುದಿಗಳನ್ನು ನಾಲಿಗೆಗೆ ತಾಗಿಸಿ ಜೀವ ಇದೆಯೋ ನೋಡಿ, ವಾಪಸ್ ಹಾಕಿ ಬಂದರು.

ದೂರದ ಲೈನು ಕೆಟ್ಟರೆ ಸೈಕಲ್ ಹತ್ತಿ ನೇರ ಅರ್ಧ ದಾರಿಗೆ ಹೋಗುತ್ತಿದ್ದರು. ಅಲ್ಲಿ ಕಂಬ ಹತ್ತಿ, ಕೈಯಲ್ಲಿದ್ದ ಫೋನನ್ನು ತಂತಿಗೆ ಸಿಕ್ಕಿಸಿ ನನ್ನನ್ನು ಕರೆಯುವರು. "ಕೇಳ್ತೈತೇನಮ್ಮ? ಹಂಗಾರೆ ನಿಮ್ ಕಡೆ ಅರ್ಧ ಚೆನ್ನಾಗೈತೆ. ಅದನ್ನ ಮರ್ತುಬಿಡ್ರಿ." ಉಳಿದ ಅರ್ಧದಲ್ಲಿ ಮತ್ತೆ ಅರ್ಧಕ್ಕೆ ಹೋಗುವರು. ಬೇರೆಯವರು ಕಂಬ ಕಂಬ ಹತ್ತಿಳಿದು ಸಂಜೆ ಮಾಡುವ ಕೆಲಸ ಇವರಿಗೆ ಊಟದ ಹೊತ್ತಿಗೆ ಮುಗಿಯುತ್ತಿತ್ತು.

ನನಗೆ ಕುತ್ತು ಬಂದದ್ದು ಧರ್ಮಪುರದ ಲೈನಿನಿಂದ. ದಿನಾ ಮಧ್ಯಾಹ್ನ ಅದು ಸತ್ತುಹೋಗುತ್ತಿತ್ತು, ಸಂಜೆಗೆ ತಾನಾಗಿ ಏಳುತ್ತಿತ್ತು. ಅಲ್ಲಿಯ ಕಡಲೆಕಾಯಿ ಮಂಡಿಯ ಯಜಮಾನರೊಬ್ಬರು ನಾನು ಊಟಕ್ಕೆ ಕೂರುವಾಗ ಬೇಕೆಂದೇ ಪಿನ್ನು ಕೀಳುತ್ತೇನೆಂದು ದೂರು ಬರೆದರು. ಒಂದಲ್ಲ, ಎರಡು. ಇಂಜಿನಿಯರು ಒಂದು ಸಂಜೆ ಬಂದು ಪರೀಕ್ಷಿಸಿದರು. "ಲೈನ್ ಸರಿ ಐತೆ. ಹುಡುಗೀನೇ ಸರಿ ಇಲ್ಲ" ಎಂದು ನನ್ನ ಎದುರಿಗೇ ಹೇಳಿದರು. ಇನ್ನೊಂದು ದೂರು ಬಂದರೆ ಕೆಲಸದಿಂದ ತೆಗೆಯುವುದಾಗಿ ಪತ್ರವೂ ಬಂತು. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಊಟದ ಡಬ್ಬಿ ಒಯ್ಯುವುದನ್ನೇ ಬಿಟ್ಟೆ. ಲೈನು ಮಾತ್ರ ಸಾಯುವುದನ್ನು ಬಿಡಲಿಲ್ಲ.

ಸಾಹೇಬರು ಮಾತ್ರ ನನ್ನನ್ನೇನೂ ವಿಚಾರಿಸಲಿಲ್ಲ. "ಯಾವ್ ಹೊತ್ತಿಗೆ ಹೋತು, ಯಾವ್ ಹೊತ್ತಿಗೆ ಬಂತು, ಒಂದ್ ವಾರ ಬರ್ದಿಡ್ರಿ" ಎಂದರು. ಬರೆದಿಟ್ಟೆ. ವಾರ ಕಳೆದ ಮೇಲೆ ಆ ಹಾಳೆಯನ್ನು ಬಹಳ ಹೊತ್ತು ನೋಡಿ, ಒಂದು ದಿನದ ಮೇಲೆ ಬೆರಳಿಟ್ಟರು.

"ಗುರುವಾರ ಯಾಕೆ ಕೆಡಲಿಲ್ಲ?"

"ಗೊತ್ತಿಲ್ಲ. ನಾನೇನೂ ಬೇರೆ ಮಾಡ್ಲಿಲ್ಲ."

"ಅವತ್ತು ಮೋಡ ಇತ್ತು ಕಣಮ್ಮ. ಇದು ಬಿಸಿಲಿನ ಕೆಲಸ, ನಿಮ್ದಲ್ಲ."

ಮರುದಿನ ನೆತ್ತಿ ಸುಡುವ ಹೊತ್ತಿಗೇ ಹೊರಟರು. ಅರ್ಧದಿಂದ ಒಂದು ಸಲ ಕರೆದರು, ಮುಂದೆ ಹೋಗಿ ಇನ್ನೊಂದು ಸಲ. ಮೂರನೆಯ ಕರೆ ಬರಲು ತಡವಾಯಿತು. ಕೊನೆಗೆ ಮುಚ್ಚಳ ಬಿತ್ತು.

"ಸಿಕ್ತು" ಎಂದರು. ಆಮೇಲೆ ಬರೀ ಗಾಳಿಯ ಸದ್ದು. ಲೈನು ಮತ್ತೆ ಹೋಯಿತೆಂದುಕೊಂಡು ನಾನು ಎರಡು ಸಲ ಕೂಗಿದೆ.

"ಐದೀನಿ ಕಣಮ್ಮ. ಇದು ನಂದೇ."

ಹಿಂದಿನ ಮಳೆಗಾಲದಲ್ಲಿ ಆ ತಂತಿ ಕಡಿದಾಗ ಜೋಡಿಸಿದವರು ಅವರೇ. ಬೆಸುಗೆಯ ಕಬ್ಬಿಣ ಕಾಯಿಸುವ ಒಲೆಗೆ ಸೀಮೆಎಣ್ಣೆ ಸಾಲದೆ, ಎರಡು ತುದಿಗಳನ್ನು ಹೊಸೆದು, ನಾಳೆ ಬಂದು ಬೆಸುಗೆ ಹಾಕೋಣ ಎಂದು ಬಂದಿದ್ದರು. ಆ ನಾಳೆ ಮರೆತೇಹೋಗಿತ್ತು. ಬೇಸಿಗೆಯ ಬಿಸಿಲಿಗೆ ತಂತಿ ಹಿಗ್ಗಿ ಬಿಗಿ ಕಳೆದುಕೊಂಡಾಗ ಹೊಸೆದ ಜಾಗ ಸಡಿಲವಾಗುತ್ತಿತ್ತು, ತಂಪಿಗೆ ಬಿಗಿಯಾಗುತ್ತಿತ್ತು.

ಬೆಸುಗೆ ಹಾಕಿ ಸಂಜೆ ಬಂದಾಗ ಇಂಜಿನಿಯರೂ ಇದ್ದರು. ದೋಷಗಳ ರಿಜಿಸ್ಟರಿನಲ್ಲಿ ಎಲ್ಲರೂ ಬರೆದು ಕೈತೊಳೆದುಕೊಳ್ಳುವ ಸಾಲೊಂದಿತ್ತು: ಪರೀಕ್ಷಿಸಿದಾಗ ಸರಿ ಇತ್ತು. ಅದನ್ನೇ ಬರೆಯಲು ಇಂಜಿನಿಯರ್ ಹೇಳಿದರು. "ಸುಮ್ನೆ ಯಾಕ್ರಿ? ನಿಮ್ ಬಡ್ತಿ ಫೈಲ್ ಮೇಲಕ್ಕೆ ಹೋಗೈತೆ." ಒಳ್ಳೆಯದಕ್ಕೇ ಹೇಳಿದರು, ಅದರಲ್ಲಿ ಸುಳ್ಳಿಲ್ಲ.

"ಹಂಗ್ ಬರದ್ರೆ ಈ ಅಮ್ಮನ ಮ್ಯಾಲಿನ ದೂರು?"

"ಅದು ಬ್ಯಾರೆ ವಿಷಯ."

ಸಾಹೇಬರು ಪೆನ್ನು ಕೇಳಿ ತೆಗೆದುಕೊಂಡು ಸೊಟ್ಟ ಅಕ್ಷರದಲ್ಲಿ ಬರೆದರು: "ಬೆಸುಗೆ ಹಾಕಿರಲಿಲ್ಲ. ಹಾಕದೆ ಬಿಟ್ಟವನು ನಾನು. ಆಪರೇಟರದು ತಪ್ಪಿಲ್ಲ." ಕೆಳಗೆ ಸಹಿ ಹಾಕಿದರು. ನಾನು ಬೋರ್ಡಿನ ಕಡೆ ತಿರುಗಿ ಕೂತೆ, ಅಳು ಬಂದಿತ್ತು.

ದೂರು ಬಿದ್ದುಹೋಯಿತು, ಮುಂದಿನ ವರ್ಷ ನನ್ನ ಕೆಲಸ ಕಾಯಂ ಆಯಿತು. ಅವರಿಗೆ ಬಡ್ತಿ ಬರಲಿಲ್ಲ, ಆಮೇಲೂ ಬರಲಿಲ್ಲ. ಯಾಕೆ ಬರೆದಿರಿ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದೆ. "ಇನ್ಯಾರ್ ಹೆಸ್ರು ಬರೀಲಮ್ಮ?" ಎಂದು ಸೈಕಲ್ಲಿಗೆ ಗಾಳಿ ಹೊಡೆಯುತ್ತಲೇ ಇದ್ದರು. ಲೈನ್‌ಮನ್ ಆಗಿಯೇ ನಿವೃತ್ತರಾದರು.

ಅವರು ತೀರಿಕೊಂಡದ್ದು ನನಗೆ ತಿಳಿದಾಗ ಹದಿನೈದು ದಿನ ಕಳೆದಿತ್ತು. ಆಗ ನಾನು ಚಿತ್ರದುರ್ಗದಲ್ಲಿ ಮೇಲ್ವಿಚಾರಕಿ. ಬಸ್ಸಿನಲ್ಲಿ ಒಂದು ತಾಸಿನ ದಾರಿ, ಆದರೂ ಅವರ ಮನೆಗೆ ಹೋಗಲಿಲ್ಲ. ಕೆಲಸವಿತ್ತು ಎನ್ನುವುದು ನೆಪ. ಇವತ್ತಿಗೂ ನಾಚಿಕೆಯಾಗುತ್ತದೆ.

ನನ್ನ ನೌಕರಿಯ ಉದ್ದಕ್ಕೂ ನನ್ನ ಕೈಯಿಂದಾದ ತಪ್ಪನ್ನು ನನ್ನ ಹೆಸರಿನಲ್ಲೇ ಬರೆಯಬೇಕಾದ ಸಂದರ್ಭ ಎರಡು ಸಲ ಬಂತು. ಒಂದು ಸಲ ಬರೆದೆ.