ಅಕ್ಕನ ಕಿಡ್ನಿಗೆ ಅಕ್ಕನ ಸೀರೆ

ಬಿಡದಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ನನ್ನ ಎರಡೂ ಕಿಡ್ನಿ ಕೈಕೊಟ್ಟವು. ಅಕ್ಕ ತನ್ನದೊಂದನ್ನು ಕೊಟ್ಟಳು. ಆಪರೇಷನ್ ಆದ ವಾರಕ್ಕೆ ಡಾಕ್ಟರು ಬಂದು, "ನಿಮ್ಮ ರಕ್ತದ ಬಿಳಿಕಣಗಳು ಹೊಸ ಕಿಡ್ನಿಯನ್ನ ಹೊರಗಿನದು ಅಂತ ತಿಳಿದು ಅದರ ಮೇಲೆ ಬಿದ್ದಿವೆ. ಇಂಜೆಕ್ಷನ್ ಕೊಟ್ಟು ಅಡಗಿಸ್ತೀವಿ," ಎಂದರು.

ಕುದೂರಿನ ಕಡೆ ಕುರಿ ಸಾಕಿಕೊಂಡಿದ್ದ ಅಪ್ಪನಿಗೆ ಇದು ತಟ್ಟನೆ ಅರ್ಥವಾಯಿತು. ತಬ್ಬಲಿ ಮರಿಯನ್ನು ಬೇರೆ ಕುರಿಯ ಬಳಿ ಬಿಟ್ಟರೆ ಅದು ಗುಮ್ಮಿ ಓಡಿಸುತ್ತದೆ. ಆಗ ಅಪ್ಪ ಆ ಕುರಿಯ ಹಾಲನ್ನೇ ಕರೆದು ಮರಿಯ ಮೈಗೆ ಬಳಿಯುತ್ತಿದ್ದ. ತನ್ನದೇ ವಾಸನೆ ಬಂದರೆ ಕುರಿ ಸುಮ್ಮನಾಗುತ್ತಿತ್ತು.

"ಮರಿ ಒಳಗ್ ಸೇರ್ಕಂಡೈತೆ, ಕುರಿಗೇ ಮರಿ ವಾಸ್ನೆ ಹಿಡಿಸ್ಬೇಕು ಕಣ್ಲಾ, ಅಷ್ಟೇಯ," ಎಂದವನೇ ಅಕ್ಕ ಉಟ್ಟು ಬಿಟ್ಟಿದ್ದ ಸೀರೆ ತಂದು ನನಗೆ ಕುತ್ತಿಗೆವರೆಗೂ ಸುತ್ತಿದ. ನೋಡಲು ಬಂದ ಕಾರ್ಖಾನೆಯ ಗೆಳೆಯರು ಹೆಂಗಸರ ವಾರ್ಡ್ ಎಂದುಕೊಂಡು ಬಾಗಿಲಿಂದಲೇ ವಾಪಸ್ ಹೋದರು. ನರ್ಸು, "ಸೋಂಕು ತಗಲಿದ್ರೆ ಯಾರು ಹೊಣೆ?" ಎಂದು ಕಿರುಚಿ ಸೀರೆ ಕಿತ್ತೆಸೆದಳು. ಅವಳು ಅತ್ತ ಹೋಗಿದ್ದೇ ತಡ, ಅಪ್ಪ ಮತ್ತೆ ಹೊದಿಸಿದ.

ಮೂರು ದಿನದ ಇಂಜೆಕ್ಷನ್ನಿಗೆ ಬಿಳಿಕಣಗಳು ಅಡಗಿದವು. ಹೆಸರು ಮಾತ್ರ ಸೀರೆಗೆ ಬಂತು. ಅಪ್ಪ ನನ್ನ ನೆತ್ತಿ ಮೂಸಿ, "ಈಗ ಸರ್ಯಾಗೈತೆ, ನಮ್ ಮಗಳ್ ವಾಸ್ನೇನೇಯ," ಎಂದು ವಾರ್ಡಿಗೆಲ್ಲ ಸಾರಿದ.

ಆಗಲೇ ಅಕ್ಕ, ಹೊಲಿಗೆ ಹಾಕಿದ ಪಕ್ಕೆಯನ್ನು ಒತ್ತಿಕೊಂಡು, ಗೋಡೆ ಹಿಡಿದು ಒಳಗೆ ಬಂದಳು. ಸೀರೆ ತರಲು ಹೋಗಿದ್ದು ಬಿಟ್ಟರೆ ಅಷ್ಟು ದಿನ ಅವಳ ಮಂಚದ ಹತ್ತಿರ ನಮ್ಮವರು ಯಾರೂ ಸುಳಿದಿರಲಿಲ್ಲ.

"ಅಪ್ಪಾ," ಎಂದಳು, "ಕೊಟ್ಟೋಳ್ನೂ ಒಸಿ ಮೂಸ್ ನೋಡು. ನಿನ್ ಮಂದೇದೇನಾ ಅಂತ."